ಅವಧಿಪೂರ್ವ ಶಿಶುವಿಗೆ ಕೆಂಪು ರಕ್ತಕಣ ಕೊಡುವುದು ಹೇಗೆ: ಚೀಲ ಕೊನೆಯಲ್ಲಿ ಬರಲಿ

ರಕ್ತದ ಚೀಲ ವಾರ್ಡಿಗೆ ಬಂದು ಮುಟ್ಟಿದೆ. ಆಗ ನೋಡಿದರೆ ಮಗುವಿಗಿದ್ದ ಒಂದೇ ಕ್ಯಾನುಲಾದ (ನರಕ್ಕೆ ಹಾಕಿದ ಸಣ್ಣ ನಳಿಕೆ) ಜಾಗ ಊದಿಕೊಂಡಿದೆ. ಹೊಸದು ಹಾಕಲು ನರ ಸಿಗುತ್ತಿಲ್ಲ. ಮುಕ್ಕಾಲು ಗಂಟೆ ಹೋರಾಡಿ ನರ ಹಿಡಿದಾಗ ಫಿಲ್ಟರ್ ಸೆಟ್ ಕಾಣೆ. ಅದೂ ಸಿಕ್ಕಿತು ಎನ್ನುವಾಗ ಸಿರಿಂಜ್ ಪಂಪ್ ಪಕ್ಕದ ಮಗುವಿಗೆ ಹೋಗಿದೆ. ಅಷ್ಟರಲ್ಲಿ ಪಾಳಿ ಬದಲಾಗುತ್ತದೆ. ಉಳಿದ ಸಮಯದಲ್ಲಿ ಮುಗಿಸಬೇಕೆಂದು ಯಾರೋ ಪಂಪಿನ ವೇಗ ಏರಿಸುತ್ತಾರೆ.

ನವಜಾತ ಶಿಶು ಘಟಕಗಳ ದಾದಿಯರಿಗೂ ಕಿರಿಯ ವೈದ್ಯರಿಗೂ ಪಾಠ ಹೇಳುವಾಗ ಈ ಕಥೆಯನ್ನು ನಾನು ಹತ್ತಾರು ರೂಪಗಳಲ್ಲಿ ಕೇಳಿದ್ದೇನೆ. ಯಾರಿಗೂ ವಿಷಯ ಗೊತ್ತಿಲ್ಲ ಎಂದಲ್ಲ. ಒಂದೊಂದು ಹೆಜ್ಜೆಯೂ ಎಲ್ಲರಿಗೂ ಗೊತ್ತು, ಹಿಂದುಮುಂದಾಗುವುದು ಅವುಗಳ ಅನುಕ್ರಮ. ರಕ್ತ ಕೇಂದ್ರದ ತಂಪು ಸಂಗ್ರಹದಿಂದ ರಕ್ತ ಹೊರಬಂದ ಕ್ಷಣದಿಂದ ಗಡಿಯಾರ ಓಡಲು ಶುರುವಾಗುತ್ತದೆ. ಆದ್ದರಿಂದ ಚೀಲ ಕೊನೆಯಲ್ಲಿ ಬರಬೇಕು, ಉಳಿದದ್ದೆಲ್ಲ ಅದಕ್ಕೂ ಮೊದಲೇ ಸಿದ್ಧವಾಗಿರಬೇಕು.

ಇಲ್ಲಿ ಹೇಳುತ್ತಿರುವುದು ಸ್ಥಿರವಾಗಿರುವ ಶಿಶುವಿಗೆ ನಿಧಾನವಾಗಿ ಕೊಡುವ ಸಣ್ಣ ಪ್ರಮಾಣದ ರಕ್ತದ ವಿಷಯ ಮಾತ್ರ. ದಿಢೀರ್ ರಕ್ತಸ್ರಾವವಾದ ಮಗು, ಕಾಮಾಲೆಗಾಗಿ ರಕ್ತ ಬದಲಾವಣೆ ಬೇಕಾದ ಮಗು, ಇವೆರಡರ ದಾರಿ ಬೇರೆ. ನಿಮ್ಮ ಘಟಕದಲ್ಲಿ ಲಿಖಿತ ನಿಯಮಾವಳಿ ಇದ್ದರೆ ಅದೇ ಮೇಲು. ಹಿರಿಯ ವೈದ್ಯರ ಲಿಖಿತ ಆದೇಶವಿಲ್ಲದೆ ಒಂದು ಹನಿಯೂ ಓಡಬಾರದು.

ಕೈಗೆಟುಕುವಂತೆ ಇರಬೇಕಾದ ಸಾಮಗ್ರಿ

ಸಿರಿಂಜ್ ಪಂಪ್ ಮತ್ತು ಅದು ಒಪ್ಪುವ ಸಿರಿಂಜ್, 170ರಿಂದ 200 ಮೈಕ್ರಾನ್ ಫಿಲ್ಟರ್ ಇರುವ ರಕ್ತದ ಸೆಟ್, ಸಣ್ಣ ಒಳಗಾತ್ರದ ಎಕ್ಸ್‌ಟೆನ್ಷನ್ ನಳಿಕೆ, 24 ಗೇಜ್ ಕ್ಯಾನುಲಾ ಎರಡು, ನಾರ್ಮಲ್ ಸಲೈನ್, ಲೇಬಲ್ ಮತ್ತು ಅಳಿಸದ ಪೆನ್ನು, ಗ್ಲುಕೋಮೀಟರ್, ರಕ್ತದೊತ್ತಡಕ್ಕೆ ಶಿಶುವಿನ ಗಾತ್ರದ ಪಟ್ಟಿ, ತಾಪಮಾಪಕ, ಮಾನಿಟರ್. ಇವನ್ನು ಟ್ರೇಯಲ್ಲಿ ಜೋಡಿಸಿದ ಮೇಲೆ ಪಂಪನ್ನು ಒಮ್ಮೆ ಆನ್ ಮಾಡಿ ಬ್ಯಾಟರಿ ನೋಡಿ. ಕರೆಂಟು ಹೋದ ಕೂಡಲೇ ಸಾಯುವ ಪಂಪುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಹಂತ 1: ರಕ್ತ ನಿಜವಾಗಿಯೂ ಬೇಕೇ?

ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಹಿಮೋಗ್ಲೋಬಿನ್ ಮೊದಲ ಕೆಲವು ವಾರ ಇಳಿಯುವುದು ಸಹಜ. ಕೆಂಪು ಕಣ ತಯಾರಿಸಲು ಆಜ್ಞೆ ಕೊಡುವ ಎರಿತ್ರೊಪೊಯೆಟಿನ್ ಸಾಕಷ್ಟು ಹುಟ್ಟುವುದಿಲ್ಲ, ಇರುವ ಕಣಗಳ ಆಯುಸ್ಸೂ ಕಡಿಮೆ, ಮಗು ಬೇಗ ಬೆಳೆಯುವುದರಿಂದ ಇದ್ದದ್ದೂ ತೆಳುವಾಗುತ್ತದೆ. ಇದರ ಮೇಲೆ ನಾವೇ ಪರೀಕ್ಷೆಗೆಂದು ಎಳೆಯುವ ರಕ್ತ ಬೇರೆ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿರುವುದು ಸುಮಾರು 90ರಿಂದ 100 ಮಿಲಿ ರಕ್ತ, ದರ್ಶಿನಿ ಹೋಟೆಲಿನ ಒಂದು ಲೋಟ ಕಾಫಿಯಷ್ಟು. ಅದರಿಂದ 1 ಮಿಲಿ ತೆಗೆದರೆ ದೊಡ್ಡವರಿಂದ 50 ಮಿಲಿ ತೆಗೆದಂತೆ. ದೊಡ್ಡವರ ಟ್ಯೂಬಿಗೆ 2 ಮಿಲಿ ತುಂಬಿಸಿ ಕಳಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಅನೇಕ ಮಕ್ಕಳ ರಕ್ತಹೀನತೆಯ ಅರ್ಧ ಕಾರಣ ಲ್ಯಾಬಿನ ಬುಟ್ಟಿಯಲ್ಲಿದೆ ಎಂದು ನಾನು ತರಗತಿಯಲ್ಲಿ ಹೇಳಿದರೆ ನಗುತ್ತಾರೆ. ತೆಗೆದ ಪ್ರತಿ ಮಿಲಿಯನ್ನೂ ಕೇಸ್ ಶೀಟಿನಲ್ಲಿ ಬರೆಯತೊಡಗಿದ ಒಂದು ವಾರದ ನಂತರ ನಗು ನಿಲ್ಲುತ್ತದೆ.

ಯಾವ ಮಟ್ಟಕ್ಕೆ ಇಳಿದರೆ ರಕ್ತ ಕೊಡಬೇಕು? 2020ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಅಮೆರಿಕದ್ದರಲ್ಲಿ 1,824 ಶಿಶುಗಳು, ಯುರೋಪಿನದ್ದರಲ್ಲಿ 1,013 ಶಿಶುಗಳು. ಎರಡರಲ್ಲೂ ಇದ್ದವರು ಸಾವಿರ ಗ್ರಾಂ ಮೀರದ ಜನನ ತೂಕದವರು. ಹೆಚ್ಚಿನ ಮಟ್ಟದಲ್ಲೇ ರಕ್ತ ಪಡೆದವರಿಗೂ ಕಡಿಮೆ ಮಟ್ಟದವರೆಗೆ ಕಾದವರಿಗೂ ಎರಡು ವರ್ಷದ ಹೊತ್ತಿಗೆ ಬದುಕು, ಬೆಳವಣಿಗೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. 30 ವಾರಕ್ಕೆ ಮೊದಲು ಹುಟ್ಟಿದವರಿಗಾಗಿ 2024ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾರ್ಗಸೂಚಿ ಕೆಳಗಿನ ಮಟ್ಟವನ್ನೇ ಹಿಡಿಯಿತು. ಅಂಕಿಗಳು ಪ್ರತಿ ಡೆಸಿಲೀಟರಿಗೆ ಗ್ರಾಂಗಳಲ್ಲಿವೆ:

- ಮೊದಲ ವಾರ: ಉಸಿರಾಟಕ್ಕೆ ನೆರವು ಇದ್ದರೆ 11ಕ್ಕಿಂತ ಕಡಿಮೆ, ಇಲ್ಲದಿದ್ದರೆ 10ಕ್ಕಿಂತ ಕಡಿಮೆ
- ಎರಡನೆಯ ವಾರ: ನೆರವು ಇದ್ದರೆ 10, ಇಲ್ಲದಿದ್ದರೆ 8.5
- ಮೂರನೆಯ ವಾರದಿಂದ: ನೆರವು ಇದ್ದರೆ 8.5, ಇಲ್ಲದಿದ್ದರೆ 7

ನೆರವು ಎಂದರೆ ವೆಂಟಿಲೇಟರ್, ಸಿಪ್ಯಾಪ್ (ಮೂಗಿನ ಮೂಲಕ ಸತತ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ), ಶೇ 35ಕ್ಕಿಂತ ಹೆಚ್ಚು ಆಮ್ಲಜನಕ, ಅಥವಾ ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1 ಲೀಟರ್ ಇಲ್ಲವೇ ಅದಕ್ಕಿಂತ ಹೆಚ್ಚಿನ ಹರಿವು.

ಅಂಕಿಯನ್ನು ನಂಬುವ ಮೊದಲು ಅದು ಎಲ್ಲಿಂದ ಬಂತು ಎಂದು ಕೇಳಿ. ತಣ್ಣಗಿದ್ದ ಹಿಮ್ಮಡಿ ಚುಚ್ಚಿ ಹಿಂಡಿ ತೆಗೆದ ರಕ್ತ ನರದ ರಕ್ತಕ್ಕಿಂತ ಹೆಚ್ಚು ತೋರಿಸಬಹುದು. ದ್ರವ ಓಡುತ್ತಿರುವ ನಳಿಕೆಯಿಂದ ತೆಗೆದದ್ದು ನೀರು ಬೆರೆತು ಕಡಿಮೆ ತೋರಿಸುತ್ತದೆ. ನಿನ್ನೆ 11 ಇದ್ದದ್ದು ಇಂದು 7 ಆಗಿದೆಯೆಂದರೆ ಮೊದಲು ಮಾದರಿಯನ್ನು ಅನುಮಾನಿಸಿ. ಮತ್ತೆ ತೆಗೆದರೂ ಅಷ್ಟೇ ಬಂದರೆ ಅದು ಮಾಮೂಲಿ ರಕ್ತಹೀನತೆಯಲ್ಲ. ಮೆದುಳಿನಲ್ಲಿ ರಕ್ತಸ್ರಾವವೋ ಕಣಗಳು ಒಡೆಯುತ್ತಿವೆಯೋ ಎಂದು ಹಿರಿಯರು ನೋಡಬೇಕು.

ಇನ್ನೊಂದು ಸಾಮಾನ್ಯ ತಪ್ಪೂ ಇದೆ. ಉಸಿರು ನಿಲ್ಲುವುದು ಹೆಚ್ಚಿದೆ, ಎದೆಬಡಿತ ಏರಿದೆ, ತೂಕ ಏರುತ್ತಿಲ್ಲ, ಹಾಗಾದರೆ ರಕ್ತ ಬೇಕು ಎಂದು ತೀರ್ಮಾನಿಸಿಬಿಡುವುದು. ಇವೆಲ್ಲ ಸೋಂಕಿನ ಲಕ್ಷಣಗಳೂ ಹೌದು. ರಕ್ತ ಹಾಕಿ ಸಮಾಧಾನಪಟ್ಟು, ನಂಜನ್ನು ಒಂದು ದಿನ ತಡವಾಗಿ ಹಿಡಿದ ಪ್ರಕರಣಗಳನ್ನು ನಾನು ಕಂಡಿದ್ದೇನೆ.

ಮುಂದಿನ ಲೆಕ್ಕಕ್ಕೆ ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. 27 ವಾರಕ್ಕೆ ಹುಟ್ಟಿದ್ದು, ಇಂದು 24ನೆಯ ದಿನ, ತೂಕ 1,180 ಗ್ರಾಂ, ಸಿಪ್ಯಾಪ್ ಮೇಲಿದೆ, ಹಿಮೋಗ್ಲೋಬಿನ್ 8.1. ಪಟ್ಟಿಯ ಪ್ರಕಾರ ಇದಕ್ಕೆ ರಕ್ತ ಬೇಕು.

ಹಂತ 2: ಒಪ್ಪಿಗೆ ಮತ್ತು ಮಾದರಿಗಳು

ತಂದೆ ತಾಯಿಯೊಂದಿಗೆ ಮಾತಾಡಿ ಲಿಖಿತ ಒಪ್ಪಿಗೆ ಪಡೆಯಿರಿ. ಏಕೆ ಕೊಡುತ್ತಿದ್ದೇವೆ, ಅಪಾಯವೇನು, ಕೊಡದಿದ್ದರೆ ಏನಾಗಬಹುದು, ಈ ಮೂರೂ ಅವರ ಭಾಷೆಯಲ್ಲಿ ಬರಬೇಕು. ರಾತ್ರಿ ಎರಡು ಗಂಟೆಗೆ ಹೆಬ್ಬೆಟ್ಟು ಹಾಕಿಸಿಕೊಳ್ಳುವುದನ್ನು ಒಪ್ಪಿಗೆ ಎನ್ನಲಾಗದು. ಮೂರನೆಯ ವಾರದ ರಕ್ತಹೀನತೆ ಹಿಂದಿನ ದಿನವೇ ಕಾಣುತ್ತಿರುತ್ತದೆ, ಆಗಲೇ ಮಾತಾಡಿ.

ಮಾದರಿಗಳ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. ಮಗುವಿನ ರಕ್ತದಲ್ಲಿ ಅದರದ್ದೇ ಪ್ರತಿಕಾಯಗಳು ಇನ್ನೂ ಹುಟ್ಟಿರುವುದಿಲ್ಲ, ಇರುವುದು ತಾಯಿಯಿಂದ ಬಂದವು. ಆದ್ದರಿಂದ ರಕ್ತ ಕೇಂದ್ರಕ್ಕೆ ಎರಡು ಮಾದರಿ ಬೇಕು. ಮಗುವಿನದ್ದು ಗುಂಪು ಮತ್ತು ಆರ್‌ಎಚ್ ನೋಡಲು, ನೇರ ಕೂಂಬ್ಸ್ ಪರೀಕ್ಷೆ (ಕೆಂಪು ಕಣಗಳಿಗೆ ಪ್ರತಿಕಾಯ ಅಂಟಿದೆಯೇ ಎಂಬುದು) ಮಾಡಲು. ತಾಯಿಯದ್ದು ಪ್ರತಿಕಾಯ ಹುಡುಕಲು ಮತ್ತು ಹೊಂದಾಣಿಕೆ ನೋಡಲು. ತಾಯಿಯ ಮಾದರಿ ಬಂದರೆ ಮಗುವಿನಿಂದ ಒಂದು ಸಣ್ಣ ಟ್ಯೂಬು ಸಾಕು. ಬರದಿದ್ದರೆ ಅದೇ ಕೆಲಸಕ್ಕೆ ಮಗುವಿನಿಂದಲೇ ಇನ್ನಷ್ಟು ಎಳೆಯಬೇಕು. ರಕ್ತಹೀನತೆಗೆ ರಕ್ತ ಕೊಡಲು ರಕ್ತ ಎಳೆಯುವ ಈ ವಿಚಿತ್ರವನ್ನು ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ತಾಯಿ ಅಲ್ಲೇ ಮಲಗಿರುತ್ತಾಳೆ, ಮಗು ಮಾತ್ರ 108ರಲ್ಲಿ ಜಿಲ್ಲೆಗೆ ಬರುತ್ತದೆ. ಹೀಗೆ ಬಂದ ಮಗುವಿಗೆ ಮೂರು ವಾರದ ನಂತರ ರಕ್ತ ಬೇಕಾದಾಗ ತಾಯಿಯ ಗುಂಪು ಕೂಡ ಯಾರಿಗೂ ತಿಳಿದಿರುವುದಿಲ್ಲ. ಮಗುವನ್ನು ಕಳಿಸುವವರಿಗೆ ನನ್ನ ಬೇಡಿಕೆ ಒಂದೇ: ಆಂಬುಲೆನ್ಸಿನಲ್ಲಿ ಮಗುವಿನ ಜೊತೆ ತಾಯಿಯ ಹೆಸರು, ಗುಂಪು ಬರೆದ ಎರಡು ಟ್ಯೂಬು ಕಳಿಸಿ, ಒಂದು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬು, ಒಂದು ಹೆಪ್ಪುಗಟ್ಟುವ ಖಾಲಿ ಟ್ಯೂಬು.

ಟ್ಯೂಬಿನ ಮೇಲೆ ಹೆಸರು ಬರೆಯಬೇಕಾದ್ದು ಮಗುವಿನ ಪಕ್ಕದಲ್ಲೇ, ರಕ್ತ ತೆಗೆದ ಮೇಲೆ. ಮೊದಲೇ ಬರೆದಿಟ್ಟ ಟ್ಯೂಬುಗಳ ಸಾಲಿನಿಂದ ಒಂದನ್ನು ಎತ್ತಿಕೊಳ್ಳುವುದು ತಪ್ಪು ಗುಂಪಿನ ರಕ್ತಕ್ಕೆ ರಾಜಮಾರ್ಗ.

ನವಜಾತ ಶಿಶುಗಳಿಗೆ ಮಾಡುವ ಹಿಮ್ಮಡಿಯ ತಪಾಸಣಾ ಪರೀಕ್ಷೆ ಇನ್ನೂ ಆಗಿಲ್ಲವೇ? ಹಾಗಿದ್ದರೆ ರಕ್ತ ಕೊಡುವ ಮೊದಲೇ ಅದಕ್ಕೆ ಬೇಕಾದ ಹನಿಗಳನ್ನು ತೆಗೆದಿಡಿ. ಗ್ಯಾಲಾಕ್ಟೋಸೀಮಿಯಾ, ಜಿ6ಪಿಡಿ ಕೊರತೆ, ಥಲಸ್ಸೀಮಿಯಾ, ಕುಡಗೋಲು ಕಣ ಕಾಯಿಲೆ, ಇವುಗಳಿಗಾಗಿ ಕೆಂಪು ಕಣಗಳನ್ನೇ ನೋಡುತ್ತಾರೆ. ದಾನಿಯ ಕಣ ಬೆರೆತ ಮೇಲೆ ಫಲಿತಾಂಶ ದಾನಿಯದ್ದೂ ಆಗಿರುತ್ತದೆ.

ಹಂತ 3: ಬೇಡಿಕೆ ಪತ್ರ

"ಪ್ಯಾಕ್ಡ್ ಸೆಲ್ (ಕೆಂಪು ಕಣ) 1 ಯೂನಿಟ್" ಎಂದಷ್ಟೇ ಬರೆದು ಕಳಿಸಬೇಡಿ. ಒಂದು ಯೂನಿಟ್ ಬಂದರೆ 20 ಮಿಲಿ ಬಳಸಿ ಉಳಿದದ್ದನ್ನು ಚೆಲ್ಲುತ್ತೀರಿ. ಹತ್ತು ದಿನದ ನಂತರ ಮತ್ತೆ ಬೇಕಾದಾಗ ಇನ್ನೊಬ್ಬ ದಾನಿಯ ರಕ್ತ, ಮತ್ತೊಮ್ಮೆ ಮೂರನೆಯವರದ್ದು. ದಾನಿಗಳು ಹೆಚ್ಚಿದಷ್ಟೂ ಸೋಂಕಿನ ಸಾಧ್ಯತೆ ಹೆಚ್ಚು. ಒಬ್ಬ ದಾನಿಯ ರಕ್ತವನ್ನು ಮುಚ್ಚಿದ ವ್ಯವಸ್ಥೆಯಲ್ಲಿ ಸಣ್ಣ ಚೀಲಗಳಾಗಿ ಹಂಚಿದ ಪೀಡಿಯಾಟ್ರಿಕ್ ಪ್ಯಾಕ್ ಕೇಳಿ. ಈ ಮಗುವಿಗಾಗಿ ಉಳಿದ ಸಣ್ಣ ಚೀಲಗಳನ್ನು ಕಾದಿರಿಸಲು ಹೇಳಿ. ಎಸ್‌ಎಜಿಎಂ ಎಂಬ ಸಂರಕ್ಷಕ ದ್ರಾವಣದಲ್ಲಿ ಕೆಂಪು ಕಣಗಳು 42 ದಿನ ಇಡಬಹುದಾದವು, ಆದ್ದರಿಂದ ಎರಡನೆಯ, ಮೂರನೆಯ ಬಾರಿಗೂ ಅದೇ ದಾನಿಯ ರಕ್ತ ಸಿಗುತ್ತದೆ. "ಮಗುವಿಗೆ ತಾಜಾ ರಕ್ತವೇ ಬೇಕು" ಎಂಬ ಹಠ ಇದಕ್ಕೆ ಅಡ್ಡಿ. ಕೆನಡಾದಲ್ಲಿ 377 ಅವಧಿಪೂರ್ವ ಶಿಶುಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ದಿನದೊಳಗಿನ ರಕ್ತದಿಂದ ಮಾಮೂಲಿ ರಕ್ತಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ದೊಡ್ಡ ಪ್ರಮಾಣದಲ್ಲಿ, ವೇಗವಾಗಿ ಕೊಡುವಾಗ ಮಾತ್ರ ತಾಜಾತನ ಮುಖ್ಯ, ಏಕೆಂದರೆ ಹಳೆಯ ಚೀಲದಲ್ಲಿ ಪೊಟ್ಯಾಸಿಯಂ ಸೋರಿರುತ್ತದೆ.

ಪತ್ರದಲ್ಲಿ ಇನ್ನೂ ಎರಡು ಪದ ಇರಬೇಕು: ಬಿಳಿಕಣ ತೆಗೆದದ್ದು, ವಿಕಿರಣ ಹಾಯಿಸಿದ್ದು. ಮೊದಲನೆಯದು ಸೈಟೊಮೆಗಾಲೊ ವೈರಸ್ ಅಪಾಯ ತಗ್ಗಿಸಲು. ಎರಡನೆಯದು ದಾನಿಯ ಲಿಂಫೋಸೈಟುಗಳು ಮಗುವಿನ ಮೈಯನ್ನೇ ವೈರಿಯೆಂದು ತಿಳಿದು ದಾಳಿ ಮಾಡದಿರಲಿ ಎಂದು. ವಿಕಿರಣ ಸೌಲಭ್ಯ ಎಲ್ಲ ಕಡೆ ಇಲ್ಲ. ಇಲ್ಲದಿದ್ದಾಗ ಏನು ಮಾಡಬೇಕೆಂದು ಹಿರಿಯ ವೈದ್ಯರು ನಿರ್ಧರಿಸಲಿ, ಆದರೆ ಎರಡು ಕಡೆ ರಾಜಿ ಸಲ್ಲದು: ರಕ್ತ ಸಂಬಂಧಿಯ ರಕ್ತ, ಅಥವಾ ಗರ್ಭದಲ್ಲೇ ರಕ್ತ ಪಡೆದಿದ್ದ ಮಗು. ಇವೆರಡರಲ್ಲಿ ವಿಕಿರಣ ಕಡ್ಡಾಯ.

ತಂದೆ ತೋಳು ಚಾಚಿ ನಿಂತಿರುತ್ತಾನೆ. "ನನ್ನ ಮಗುವಿಗೆ ನನ್ನ ರಕ್ತವೇ ಕೊಡಿ" ಎನ್ನುತ್ತಾನೆ. ಈ ಮಾತಿಗೆ ಮನಸ್ಸು ಕರಗುತ್ತದೆ, ಆದರೆ ಹತ್ತಿರದ ಸಂಬಂಧಿಯ ರಕ್ತದಲ್ಲೇ ಮೇಲೆ ಹೇಳಿದ ಆ ದಾಳಿಯ ಅಪಾಯ ಹೆಚ್ಚು. ತಂದೆಯ ಕಣಗಳ ವಿರುದ್ಧ ತಾಯಿಯಿಂದ ಬಂದ ಪ್ರತಿಕಾಯಗಳೂ ಮಗುವಿನಲ್ಲಿ ಇರಬಹುದು. ಆತ ದಾನ ಮಾಡಲಿ, ಅದು ಬೇರೆ ಯಾರಿಗೋ ಆಗಲಿ ಎಂದು ಗೌರವದಿಂದ ವಿವರಿಸಿ. ನನ್ನ ಅನುಭವದಲ್ಲಿ, ಹೇಳಿದರೆ ಬಹುತೇಕರು ಒಪ್ಪುತ್ತಾರೆ.

ಗುಂಪಿನ ಆಯ್ಕೆ ರಕ್ತ ಕೇಂದ್ರದ ಕೆಲಸ. ನೀವು ನೆನಪಿಡಬೇಕಾದ್ದು ಇಷ್ಟು: ಬರುವ ಕಣ ಮಗುವಿನ ಗುಂಪಿಗೂ ತಾಯಿಯ ಪ್ರತಿಕಾಯಗಳಿಗೂ ಹೊಂದಬೇಕು. ತಾಯಿ ಓ, ಮಗು ಎ ಆಗಿದ್ದರೆ ಬರುವುದು ಓ ಗುಂಪಿನ ಕಣ. ಮಗು ಎ ಆಗಿರುವಾಗ ಓ ಏಕೆ ಕಳಿಸಿದರು ಎಂದು ಚೀಲ ವಾಪಸ್ ಮಾಡಬೇಡಿ.

ಹಂತ 4: ಲೆಕ್ಕ

ಇಂದಿನ ತೂಕ ತೆಗೆದುಕೊಳ್ಳಿ. ಹುಟ್ಟಿದ ತೂಕವನ್ನೂ ಕಳೆದ ವಾರದ್ದನ್ನೂ ಬಿಡಿ. ಸಾಮಾನ್ಯ ಪ್ರಮಾಣ ಕಿಲೋಗೆ 10ರಿಂದ 20 ಮಿಲಿ, ಹೆಚ್ಚು ಘಟಕಗಳಲ್ಲಿ 15. ನಮ್ಮ ಮಗುವಿಗೆ 1.18 ಗುಣಿಸು 15, ಅಂದರೆ 17.7, ಪೂರ್ಣಾಂಕಕ್ಕೆ 18 ಮಿಲಿ. ಕಿಲೋಗೆ ಸುಮಾರು 4 ಮಿಲಿ ಕೊಟ್ಟರೆ ಹಿಮೋಗ್ಲೋಬಿನ್ 1 ಗ್ರಾಂ ಏರುತ್ತದೆ ಎಂಬ ಅಂದಾಜಿನಲ್ಲಿ, 8.1 ಇದ್ದದ್ದು 11ರ ಮೇಲಕ್ಕೆ ಹೋಗಬೇಕು.

ವೇಗ ಗಂಟೆಗೆ ಕಿಲೋಗೆ 5 ಮಿಲಿಯ ಆಸುಪಾಸು. ಇಲ್ಲಿ ಗಡಿಯಾರದ ಲೆಕ್ಕ ಸೇರುತ್ತದೆ. ತಂಪು ಸಂಗ್ರಹದಿಂದ ತೆಗೆದ ನಾಲ್ಕು ಗಂಟೆಯೊಳಗೆ ರಕ್ತ ಮುಗಿಯಬೇಕು. ತರಲು 20 ನಿಮಿಷ, ತಾಳೆ ನೋಡಿ ಸಿರಿಂಜಿಗೆ ಎಳೆಯಲು 20 ನಿಮಿಷ. ಉಳಿದದ್ದು 3 ಗಂಟೆ 20 ನಿಮಿಷ. ಆದ್ದರಿಂದ 3 ಗಂಟೆಗೆ ಯೋಜಿಸಿ: 18 ಮಿಲಿ, ಗಂಟೆಗೆ 6 ಮಿಲಿ. ನಾಲ್ಕು ಗಂಟೆಗೆ ಪಂಪು ಹೊಂದಿಸಿ ಕೊನೆಯ 40 ನಿಮಿಷ ಅವಧಿ ಮೀರಿದ ರಕ್ತ ಓಡಿಸುವವರನ್ನು ನೋಡಿದ್ದೇನೆ.

ನಳಿಕೆಯಲ್ಲಿ ಉಳಿಯುವ ರಕ್ತವನ್ನೂ ಸೇರಿಸಿ. ಎಕ್ಸ್‌ಟೆನ್ಷನ್ 2 ಮಿಲಿ ಹಿಡಿದರೆ, ಸಿರಿಂಜಿಗೆ 20 ಎಳೆಯಬೇಕು, ಪಂಪಿನಲ್ಲಿ 18ಕ್ಕೆ ನಿಲ್ಲಿಸಬೇಕು. ಇದನ್ನು ಮರೆತರೆ ಕೇಸ್ ಶೀಟಿನಲ್ಲಿ 18, ಮಗುವಿಗೆ 16. ಒಂದು ಕಿಲೋ ಮಗುವಿಗೆ ಇದು ಸಣ್ಣ ಕೊರತೆಯಲ್ಲ.

ಲೆಕ್ಕವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ, ಉತ್ತರ ಹೋಲಿಸಿ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ತಲೆಯಾಡಿಸುವುದು ಎರಡನೆಯ ತಪಾಸಣೆಯಲ್ಲ.

ಹಂತ 5: ದಾರಿ ಸಿದ್ಧಪಡಿಸುವುದು

ಚೀಲಕ್ಕೆ ಫೋನು ಮಾಡುವ ಮೊದಲು ಕ್ಯಾನುಲಾ ಕೆಲಸ ಮಾಡುತ್ತಿದೆಯೇ ಎಂದು ಸಲೈನ್ ಹಾಯಿಸಿ ನೋಡಿ. 24 ಗೇಜ್ ಸಾಕು. ಕೈಕಾಲಿನ ನರದಿಂದ ಹೃದಯದ ಹತ್ತಿರದವರೆಗೆ ಹೋಗುವ, ಕೂದಲೆಳೆಯಂಥ ಪಿಐಸಿಸಿ ನಳಿಕೆಯಲ್ಲಿ ರಕ್ತ ಓಡಿಸಬೇಡಿ, ಕಟ್ಟಿಕೊಳ್ಳುತ್ತದೆ, ತಿಂಗಳಿಗೆಂದು ಹಾಕಿದ ದಾರಿ ಹೋಗುತ್ತದೆ. ಹೊಕ್ಕುಳಿನ ಅಪಧಮನಿಯ ನಳಿಕೆಯೂ ಬೇಡ.

ರಕ್ತ ಓಡುವ ದಾರಿಯಲ್ಲಿ ನಾರ್ಮಲ್ ಸಲೈನ್ ಹೊರತು ಇನ್ನೇನೂ ಹೋಗಬಾರದು. ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರವ ಸೇರಿದರೆ ಕಣಗಳು ಒಡೆಯುತ್ತವೆ. ಕ್ಯಾಲ್ಸಿಯಂ ಇರುವ ದ್ರವ, ರಿಂಗರ್ ಲ್ಯಾಕ್ಟೇಟ್ ಸೇರಿದಂತೆ, ಸೇರಿದರೆ ಹೆಪ್ಪುಗಟ್ಟುತ್ತದೆ. ಆ್ಯಂಟಿಬಯೋಟಿಕ್ ಹೊತ್ತು ಬಂದರೆ ಅದನ್ನು ಮೊದಲೇ ಕೊಟ್ಟು ಮುಗಿಸಿ, ಇಲ್ಲವೇ ಇನ್ನೊಂದು ಕ್ಯಾನುಲಾದಿಂದ ಕೊಡಿ.

ಇದರಿಂದ ಹುಟ್ಟುವ ಅಪಾಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಮಗುವಿಗೆ ಒಂದೇ ಕ್ಯಾನುಲಾ, ಅದರಲ್ಲಿ ಡೆಕ್ಸ್‌ಟ್ರೋಸ್ ಓಡುತ್ತಿದೆ. ರಕ್ತಕ್ಕಾಗಿ ಅದನ್ನು ನಿಲ್ಲಿಸಿದಿರಿ. ಜೊತೆಗೆ ಹಾಲೂ ನಿಲ್ಲಿಸಿದಿರಿ. ಮೂರು ಗಂಟೆ ಮಗುವಿಗೆ ಸಕ್ಕರೆಯೇ ಇಲ್ಲ. ಎರಡನೆಯ ಕ್ಯಾನುಲಾ ಹಾಕಿ ಡೆಕ್ಸ್‌ಟ್ರೋಸ್ ಮುಂದುವರಿಸಿ. ಶುರುವಿಗೆ ಮೊದಲು, ಒಂದು ಗಂಟೆಯ ನಂತರ, ಮುಗಿದ ಮೇಲೆ ಸಕ್ಕರೆ ನೋಡಿ. ಡೆಸಿಲೀಟರಿಗೆ 45 ಮಿಲಿಗ್ರಾಂಗಿಂತ ಕಡಿಮೆಯಾದರೆ ತಕ್ಷಣ ವೈದ್ಯರಿಗೆ ತಿಳಿಸಿ.

ಹಾಲು ನಿಲ್ಲಿಸಬೇಕೇ ಎಂಬುದರಲ್ಲಿ ಘಟಕಕ್ಕೊಂದು ಪದ್ಧತಿ. ರಕ್ತ ಪಡೆದ ನಂತರ ಕರುಳಿನ ಕೊಳೆತ ಕಾಣಿಸಿಕೊಳ್ಳುತ್ತದೆ ಎಂಬ ಭಯದಿಂದ ಕೆಲವರು ನಿಲ್ಲಿಸುತ್ತಾರೆ, ಕೆಲವರು ಅರ್ಧ ಮಾಡುತ್ತಾರೆ, ಕೆಲವರು ಮುಟ್ಟುವುದಿಲ್ಲ. ತೀವ್ರ ರಕ್ತಹೀನತೆಯೇ ಕರುಳಿಗೆ ಹೆಚ್ಚು ಕೆಟ್ಟದ್ದು ಎಂದು ತೋರಿಸಿದ ಅಧ್ಯಯನವೂ ಇದೆ. ನಿಮ್ಮ ಹಿರಿಯರು ಹೇಳಿದಂತೆ ಮಾಡಿ, ಆದರೆ ಅದನ್ನು ಆದೇಶದಲ್ಲಿ ಬರೆಸಿ. ಬಾಯಿ ಮಾತಿನ "ಫೀಡ್ ಹೋಲ್ಡ್" ಪಾಳಿ ಬದಲಾದಾಗ ಎರಡು ದಿನ ಮುಂದುವರಿಯುವುದುಂಟು.

ಹಂತ 6: ಈಗ ಚೀಲ, ಮತ್ತು ಗುರುತಿನ ತಾಳೆ

ಈಗ ಫೋನು ಮಾಡಿ. ರಕ್ತ ತಣ್ಣನೆಯ ಪೆಟ್ಟಿಗೆಯಲ್ಲಿ ಬರಲಿ. ಬಂದ ಸಮಯ ಬರೆಯಿರಿ. 30 ನಿಮಿಷದೊಳಗೆ ಶುರು ಮಾಡಲಾಗದು ಎನಿಸಿದರೆ ರಕ್ತ ಕೇಂದ್ರಕ್ಕೆ ತಕ್ಷಣ ವಾಪಸ್ ಕಳಿಸಿ. ವಾರ್ಡಿನ ಔಷಧದ ಫ್ರಿಜ್ಜಿನಲ್ಲಿ, ಲಸಿಕೆಗಳ ನಡುವೆ, ರಕ್ತದ ಚೀಲ ಇಡುವುದು ಬೇಡವೇ ಬೇಡ. ಅದರ ತಾಪಮಾನವನ್ನು ಯಾರೂ ಖಾತರಿಪಡಿಸಿಲ್ಲ.

ನಮ್ಮ ಕಡೆ ಮಗುವಿಗೆ ಹೆಸರಿಡುವುದು ನಾಮಕರಣದಂದು. ಐಸಿಯುನಲ್ಲಿರುವ ಮಗುವಿಗೆ ತಿಂಗಳಾದರೂ ನಾಮಕರಣವಾಗಿರುವುದಿಲ್ಲ. ಆದ್ದರಿಂದ ಎಲ್ಲ ಗುರುತಿನ ಪಟ್ಟಿಗಳ ಮೇಲೂ "ಬೇಬಿ ಆಫ್ ಲಕ್ಷ್ಮಿ", "ಬೇಬಿ ಆಫ್ ಮಂಜುಳಾ". ಒಂದೇ ಸಾಲಿನಲ್ಲಿ ಇಬ್ಬರು ಲಕ್ಷ್ಮಿಯರ ಮಕ್ಕಳಿರುವುದು ಅಪರೂಪವೇನಲ್ಲ. ಅವಳಿ ಮಕ್ಕಳಾದರೆ ಹೆಸರೂ ಒಂದೇ, ತಾಯಿಯೂ ಒಬ್ಬಳೇ, ಹುಟ್ಟಿದ ದಿನವೂ ಒಂದೇ. ಆದ್ದರಿಂದ ಹೆಸರನ್ನು ಗುರುತೆಂದು ನಂಬಬೇಡಿ. ಆಸ್ಪತ್ರೆಗೆ ಸೇರಿಸಿಕೊಂಡಾಗ ಕೊಟ್ಟ ಐಪಿ ಸಂಖ್ಯೆಯೇ ಗುರುತು, ಅವಳಿಗಳಿಗೆ ಒಂದು, ಎರಡು ಎಂಬ ಗುರುತೂ ಪ್ರತಿ ಕಾಗದದಲ್ಲಿ ಬೇಕು.

ಇಬ್ಬರು ಮಗುವಿನ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಓದಿ ತಾಳೆ ನೋಡಬೇಕು, ನರ್ಸಿಂಗ್ ಮೇಜಿನ ಬಳಿ ಅಲ್ಲ. ಮಗುವಿನ ಕಾಲಿನ ಪಟ್ಟಿ, ಹೊಂದಾಣಿಕೆ ಚೀಟಿ, ಚೀಲದ ಲೇಬಲ್, ಈ ಮೂರರಲ್ಲೂ ಐಪಿ ಸಂಖ್ಯೆ ಒಂದೇ ಇರಬೇಕು; ಚೀಟಿಯಲ್ಲೂ ಚೀಲದಲ್ಲೂ ಚೀಲದ ಗುಂಪು, ಚೀಲದ ಸಂಖ್ಯೆ, ಮುಗಿಯುವ ದಿನಾಂಕ ಒಂದೇ ಇರಬೇಕು. ಕಾಲಿನ ಪಟ್ಟಿ ಊದಿದ ಕಾಲಿಗೆ ಬಿಗಿಯಾಗಿ, ಬಿಚ್ಚಿ ವಾರ್ಮರ್ ಕಂಬಕ್ಕೆ ಅಂಟಿಸಿದ್ದರೆ ಅಲ್ಲೇ ನಿಲ್ಲಿಸಿ, ಮೊದಲು ಹೊಸ ಪಟ್ಟಿ ಕಟ್ಟಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು ಆಗಿವೆ ಎಂಬುದು ಲೇಬಲ್ಲಿನಲ್ಲಿ ಇರಬೇಕು. ಚೀಲ ಸೋರುತ್ತಿದ್ದರೆ, ಹೆಪ್ಪು ಕಂಡರೆ, ಕಪ್ಪು ನೇರಳೆ ಬಣ್ಣವಿದ್ದರೆ, ಮೇಲಿನ ದ್ರವ ಕೆಂಪಾಗಿದ್ದರೆ ಅದನ್ನು ಬಳಸಬೇಡಿ.

ಹಂತ 7: ಸಿರಿಂಜಿಗೆ ಎಳೆಯುವುದು

ಚೀಲವನ್ನು ಮೆಲ್ಲಗೆ ಹತ್ತಾರು ಬಾರಿ ತಿರುಗಿಸಿ ಬೆರೆಸಿ, ಕುಲುಕಬೇಡಿ. ಬೆರೆಸದೆ ಎಳೆದರೆ ಒಂದು ಸಿರಿಂಜಿಗೆ ತೆಳು ದ್ರವ, ಇನ್ನೊಂದಕ್ಕೆ ಗಟ್ಟಿ ಕಣ. ಫಿಲ್ಟರ್ ಮೂಲಕವೇ ಎಳೆಯಿರಿ, ಗಾಳಿ ತೆಗೆಯಿರಿ, ನಳಿಕೆ ತುಂಬಿಸಿ.

ಎಳೆದ ಮರುಕ್ಷಣ ಸಿರಿಂಜಿಗೆ ಲೇಬಲ್ ಹಚ್ಚಿ. ದೊಡ್ಡವರಿಗೆ ಚೀಲವೇ ಕಂಬದಲ್ಲಿ ತೂಗುತ್ತದೆ, ಗುರುತು ಅದರ ಮೇಲೆಯೇ ಇರುತ್ತದೆ. ಶಿಶುವಿನ ವಿಷಯದಲ್ಲಿ ಚೀಲದಿಂದ ಬೇರೆಯಾದ ಆ ಸಿರಿಂಜು ಅನಾಥ ಸಿರಿಂಜು. ಐಪಿ ಸಂಖ್ಯೆ, ಚೀಲದ ಸಂಖ್ಯೆ, ಗುಂಪು, ರಕ್ತ ತಂಪಿನಿಂದ ಹೊರಬಂದ ಸಮಯ, ಮುಗಿಯಬೇಕಾದ ಸಮಯ, ಇಷ್ಟನ್ನೂ ಬರೆಯಿರಿ. ಪಂಪಿಗೆ ಹಾಕುವಾಗ ಕಾಲಿನ ಪಟ್ಟಿಯೊಡನೆ ಇನ್ನೊಮ್ಮೆ ತಾಳೆ ನೋಡಿ.

ಬಿಸಿನೀರಿನಲ್ಲಿ ಮುಳುಗಿಸಬೇಡಿ, ವಾರ್ಮರ್ ಕೆಳಗೆ ಇಡಬೇಡಿ. ಇಷ್ಟು ನಿಧಾನವಾಗಿ ಓಡುವ ರಕ್ತ ನಳಿಕೆಯಲ್ಲೇ ಕೋಣೆಯ ತಾಪಕ್ಕೆ ಬರುತ್ತದೆ. ಮಗು ಫೋಟೊಥೆರಪಿಯಲ್ಲಿದ್ದರೆ (ಕಾಮಾಲೆಗೆ ಬೆಳಕಿನ ಚಿಕಿತ್ಸೆ) ನಳಿಕೆ, ಸಿರಿಂಜು ದೀಪದ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಬಿಸಿಗೆ ಕಣ ಒಡೆಯುತ್ತದೆ.

ಹಂತ 8: ಓಡಿಸುವುದು, ಪಕ್ಕದಲ್ಲೇ ಇರುವುದು

ಪಂಪಿನಲ್ಲಿ 6.0 ಎಂದು ಒತ್ತಬೇಕಾದಲ್ಲಿ 60 ಒತ್ತಿದರೆ 18 ನಿಮಿಷದಲ್ಲಿ ಎಲ್ಲ ರಕ್ತ ಒಳಗೆ. ದಶಮಾಂಶದ ಚುಕ್ಕೆಯನ್ನು ಇಬ್ಬರು ನೋಡಿ. ಸಿರಿಂಜಿನ ಕಂಪನಿ ಮತ್ತು ಗಾತ್ರವನ್ನು ಪಂಪಿನಲ್ಲಿ ಸರಿಯಾಗಿ ಆರಿಸಿದ್ದೀರಾ ಎಂದೂ ನೋಡಿ. ಅದು ತಪ್ಪಿದರೆ ಪರದೆ ಸರಿ ತೋರಿಸುತ್ತದೆ, ಒಳಗೆ ಹೋಗುವುದು ಬೇರೆ.

ಶುರುವಿಗೆ ಮೊದಲು ತಾಪ, ಎದೆಬಡಿತ, ಉಸಿರು, ರಕ್ತದೊತ್ತಡ, ಆಮ್ಲಜನಕ ಮಟ್ಟ ಬರೆಯಿರಿ. ಮೊದಲ 15 ನಿಮಿಷ ಬೇರೆ ಮಗುವಿನ ಬಳಿ ಹೋಗಬೇಡಿ. 15 ನಿಮಿಷಕ್ಕೆ, 30 ನಿಮಿಷಕ್ಕೆ, ಆಮೇಲೆ ಗಂಟೆಗೊಮ್ಮೆ, ಮುಗಿದಾಗ ಮತ್ತೆ ಬರೆಯಿರಿ. ಪ್ರತಿ ಬಾರಿಯೂ ಕ್ಯಾನುಲಾ ಜಾಗವನ್ನು ಬಟ್ಟೆ ಸರಿಸಿ ನೋಡಿ. ರಕ್ತ ಚರ್ಮದಡಿ ಸೋರಿದರೆ ಪಂಪು ಅಲಾರಂ ಹೊಡೆಯುವ ಹೊತ್ತಿಗೆ ಕೈ ಊದಿ ನೀಲಿಯಾಗಿರುತ್ತದೆ. ಮೂತ್ರದ ಬಣ್ಣ, ಹೊಟ್ಟೆಯ ಉಬ್ಬರವನ್ನೂ ಗಮನಿಸಿ.

ಮಧ್ಯದಲ್ಲಿ ಮೂತ್ರ ಹೆಚ್ಚಿಸುವ ಔಷಧ ಫ್ಯೂರೊಸಮೈಡ್ ಕೊಡುವ ಹಳೆಯ ರೂಢಿ ಇನ್ನೂ ಕೆಲವೆಡೆ ಇದೆ. ಎಲ್ಲ ಮಕ್ಕಳಿಗೂ ಅದು ಬೇಕಿಲ್ಲ. ದ್ರವ ಹೆಚ್ಚಾದ ಲಕ್ಷಣ ಇದ್ದಾಗ ಮಾತ್ರ ವೈದ್ಯರು ಹೇಳುತ್ತಾರೆ.

ಹಂತ 9: ಎಚ್ಚರಿಕೆಯ ಗುರುತುಗಳು

ದೊಡ್ಡವರು "ಚಳಿ ಬರುತ್ತಿದೆ, ಬೆನ್ನು ನೋಯುತ್ತಿದೆ" ಎಂದು ಹೇಳುತ್ತಾರೆ. ಈ ಮಗು ಹೇಳುವುದು ಮಾನಿಟರಿನ ಅಂಕಿಗಳಲ್ಲಿ ಮಾತ್ರ. ತಾಪ 1 ಡಿಗ್ರಿ ಏರುವುದು, ಎದೆಬಡಿತ ಹಠಾತ್ತನೆ ಏರುವುದು ಅಥವಾ ಲಯ ತಪ್ಪುವುದು, ಉಸಿರು ನಿಲ್ಲುವುದು ಹೆಚ್ಚುವುದು, ಆಮ್ಲಜನಕದ ಅಗತ್ಯ ಏರುವುದು, ರಕ್ತದೊತ್ತಡ ಇಳಿಯುವುದು, ಚರ್ಮ ಚುಕ್ಕೆಚುಕ್ಕೆಯಾಗಿ ಬಿಳಿಚುವುದು, ದದ್ದು, ಕೆಂಪು ಅಥವಾ ಕೋಲಾ ಬಣ್ಣದ ಮೂತ್ರ. ಇವುಗಳಲ್ಲಿ ಯಾವುದೊಂದು ಕಂಡರೂ ಕೆಳಗಿನ ಅನುಕ್ರಮ ಪಾಲಿಸಿ:

1. ಪಂಪು ನಿಲ್ಲಿಸಿ. ವೇಗ ತಗ್ಗಿಸಿ ಕಾಯುವುದು ಬೇಡ.
2. ರಕ್ತದ ನಳಿಕೆ ಬಿಚ್ಚಿ, ಹೊಸ ನಳಿಕೆಯಲ್ಲಿ ಸಲೈನ್ ಇಟ್ಟು ಕ್ಯಾನುಲಾ ಉಳಿಸಿಕೊಳ್ಳಿ. ಹಳೆಯ ನಳಿಕೆಯಲ್ಲಿ ಸಲೈನ್ ತಳ್ಳಿದರೆ ಅದರಲ್ಲಿದ್ದ ರಕ್ತವೇ ಒಳಗೆ ಹೋಗುತ್ತದೆ.
3. ವೈದ್ಯರನ್ನು ಕರೆಯಿರಿ. ಉಸಿರು, ರಕ್ತಸಂಚಾರಗಳಿಗೆ ನೆರವು ಕೊಡಿ.
4. ಐಪಿ ಸಂಖ್ಯೆ, ಚೀಲ, ಸಿರಿಂಜು ಮತ್ತೆ ತಾಳೆ ನೋಡಿ. ಚೀಲ ಅದಲುಬದಲಾಗಿದ್ದರೆ ಇನ್ನೊಂದು ಮಗುವೂ ಅಪಾಯದಲ್ಲಿದೆ.
5. ಚೀಲ, ಸಿರಿಂಜು, ಸೆಟ್ ಎಲ್ಲವನ್ನೂ ರಕ್ತ ಕೇಂದ್ರಕ್ಕೆ ಕಳಿಸಿ. ವೈದ್ಯರು ಹೇಳಿದ ಮಾದರಿ ಮತ್ತು ಮೂತ್ರವನ್ನೂ ಕಳಿಸಿ.

ಪ್ರತಿಕ್ರಿಯೆಯ ವರದಿ ತುಂಬುವುದನ್ನು ಬಿಡಬೇಡಿ. 2012ರ ಡಿಸೆಂಬರಿನಿಂದ ಭಾರತದ ಹೀಮೋವಿಜಿಲೆನ್ಸ್ (ರಕ್ತ ಕೊಟ್ಟಾಗಿನ ಪ್ರತಿಕ್ರಿಯೆಗಳ ಮೇಲೆ ನಿಗಾ ಇಡುವ) ಕಾರ್ಯಕ್ರಮ ಇಂಥ ವರದಿಗಳನ್ನು ಸಂಗ್ರಹಿಸುತ್ತಿದೆ, ರಕ್ತ ಕೇಂದ್ರದವರ ಬಳಿ ನಮೂನೆ ಇರುತ್ತದೆ. ಬೈಸಿಕೊಳ್ಳುವ ಭಯದಿಂದ ನರ್ಸುಗಳು ಮುಚ್ಚಿಡುತ್ತಾರೆ. ಬೈಯುವ ಹಿರಿಯರಿಗೆ ಒಂದು ಮಾತು: ನೀವು ಬೈದರೆ ಮುಂದಿನ ಬಾರಿ ನಿಮಗೆ ತಿಳಿಯುವುದೇ ಇಲ್ಲ.

ಹಂತ 10: ಮುಗಿದ ಮೇಲೆ

ನಳಿಕೆಯಲ್ಲಿ ಉಳಿದ ರಕ್ತವನ್ನು ಲೆಕ್ಕವಿಲ್ಲದೆ ತಳ್ಳಬೇಡಿ, ನೀವು ಅದನ್ನು ಆಗಲೇ ಲೆಕ್ಕದಿಂದ ಹೊರಗಿಟ್ಟಿದ್ದೀರಿ. ಕ್ಯಾನುಲಾಕ್ಕೆ ಮಾತ್ರ ಸ್ವಲ್ಪ ಸಲೈನ್ ಹಾಯಿಸಿ. ಸಿರಿಂಜಿನಲ್ಲಿ ಉಳಿದದ್ದನ್ನು ಸಂಜೆಗೆಂದು ಎತ್ತಿಡಬೇಡಿ. ಸಕ್ಕರೆ ನೋಡಿ. ಮುಂದಿನ ಎರಡು ದಿನ ಹೊಟ್ಟೆ ಉಬ್ಬರ, ಹಸಿರು ವಾಂತಿ, ಮಲದಲ್ಲಿ ರಕ್ತ ಕಂಡರೆ ಹಾಲು ನಿಲ್ಲಿಸಿ ವೈದ್ಯರಿಗೆ ಹೇಳಿ.

ರಕ್ತ ಕೊಟ್ಟ ಕೂಡಲೇ ಹಿಮೋಗ್ಲೋಬಿನ್ ನೋಡಲು ಮತ್ತೆ ರಕ್ತ ಎಳೆಯುವ ಆತುರ ಬೇಡ. ಮಗು ಚೆನ್ನಾಗಿದ್ದರೆ ಮುಂದೆ ಬೇರೆ ಪರೀಕ್ಷೆಗೆ ತೆಗೆಯುವಾಗ ಅದರಲ್ಲೇ ನೋಡಬಹುದು.

ಕೇಸ್ ಶೀಟಿನಲ್ಲಿ ಚೀಲದ ಸಂಖ್ಯೆ, ಕೊಟ್ಟ ಪ್ರಮಾಣ, ಶುರುವಾದ ಮತ್ತು ಮುಗಿದ ಸಮಯ, ಕಾರಣವಾದ ಹಿಮೋಗ್ಲೋಬಿನ್ ಬರೆಯಿರಿ. ಬಿಡುಗಡೆ ಚೀಟಿಯಲ್ಲೂ ಇವು ಇರಬೇಕು, ಜೊತೆಗೆ ತಪಾಸಣಾ ಮಾದರಿಯನ್ನು ರಕ್ತ ಕೊಡುವ ಮೊದಲು ತೆಗೆದಿತ್ತೇ, ನಂತರವೇ ಎಂಬುದು. ನಂತರ ತೆಗೆದಿದ್ದರೆ, ಹಿಮೋಗ್ಲೋಬಿನ್ ಕಾಯಿಲೆಗಳ ಪರೀಕ್ಷೆಯನ್ನು ಕೊನೆಯ ರಕ್ತದ ಮೂರು, ನಾಲ್ಕು ತಿಂಗಳ ಬಳಿಕ ಮತ್ತೆ ಮಾಡಿಸಬೇಕು. ಕಬ್ಬಿಣದ ಹನಿಗಳು ಎಂದಿನಿಂದ, ದಿನಕ್ಕೆ ಎಷ್ಟು ಎಂಬುದನ್ನು ತಾಯಿಗೆ ಡ್ರಾಪರ್ ತೋರಿಸಿ ಹೇಳಿಕೊಡಿ. ಎಷ್ಟು ಗೆರೆಯವರೆಗೆ ಎಂದು ಆಕೆಯೇ ಹಿಡಿದು ತೋರಿಸುವವರೆಗೆ ಬಿಡಬೇಡಿ.